ಪುಂಡಿ ಎಂದು ಹೇಳಿ ಬಂದೆ

ಮೊದಲ ತುತ್ತು ಬಾಯಲ್ಲಿದ್ದಾಗ, ಈ ಚಟ್ನಿ ಯಾವುದರದು ಎಂದು ಕೇಳಿದೆ. ಮನೆಯ ಒಡತಿ ಅರೆಯುವ ಕಲ್ಲಿನಿಂದ ಕೈ ತೆಗೆಯದೆ, "ಭಾಂಗ್" ಎಂದರು. ನನಗೆ ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಮ್ಮ ಹುಕ್ಕೇರಿಯಲ್ಲಿ ಭಂಗಿ ಎಂಬ ಶಬ್ದ ಕಿವಿಗೆ ಬಿದ್ದರೆ ನೆನಪಾಗುವುದು ಪೊಲೀಸ್ ಜೀಪು, ಪತ್ರಿಕೆಯ ಒಳಪುಟದಲ್ಲಿ ಮುಖಕ್ಕೆ ಟವೆಲ್ ಮುಚ್ಚಿಕೊಂಡು ನಿಂತವರು, ಅವರ ಮುಂದೆ ಒಂದು ಚೀಲ. ಇಲ್ಲಿ ಅದೇ ಗಿಡದ ಬೀಜ ಹುರಿಸಿಕೊಂಡು, ಲಿಂಬೆರಸ ಹಿಂಡಿಸಿಕೊಂಡು, ನನ್ನ ತಟ್ಟೆಯಲ್ಲಿ ರೊಟ್ಟಿಯ ಪಕ್ಕದಲ್ಲಿ ಕುಳಿತಿತ್ತು.

ಬೀಜದಲ್ಲಿ ಅಮಲಿಲ್ಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ಓದಿನ ಬಲದಿಂದಲೇ ಈ ನೌಕರಿ ಸಿಕ್ಕಿತ್ತು. ಆದರೆ ಓದಿದ ಮಾತು ಬೇರೆ, ನಾಲಿಗೆಯ ಮೇಲಿರುವ ತುತ್ತು ಬೇರೆ. ಕಣ್ಣು ಮುಚ್ಚಿ ನುಂಗಿದೆ. ಆಮಾ ನಕ್ಕರು. ಆಮಾ ಎಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ. ಊರಿನವರೆಲ್ಲರೂ ಆ ಒಡತಿಯನ್ನು ಹಾಗೆಯೇ ಕರೆಯುತ್ತಾರೆ.

ನಾನೀಗ ಇರುವುದು ಉತ್ತರಾಖಂಡದ ಕುಮಾವೂಂ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ. ಇಲ್ಲಿ ಸರಕಾರದ ಪರವಾನಗಿ ಪಡೆದು ನಾರು ಮತ್ತು ಬೀಜಕ್ಕಾಗಿ ಭಂಗಿ ಬೆಳೆಯಬಹುದು. ಅಂಥ ಪರವಾನಗಿ ಇರುವ ಚಿಕ್ಕ ಕಂಪನಿಯೊಂದರಲ್ಲಿ ನಾನು ಹೊಲದ ಸಹಾಯಕಿ. ಗಿಡಗಳು ಹೂ ಬಿಟ್ಟಾಗ ತುದಿಗಳನ್ನು ಕತ್ತರಿಸಿ, ಕಾಗದದ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕಳಿಸುವುದು ಮುಖ್ಯ ಕೆಲಸ. ಅಮಲಿನ ಅಂಶ ನಿಗದಿತ ಮಿತಿಯನ್ನು ದಾಟಿದರೆ ಆ ಬೆಳೆಯನ್ನು ನಾಶ ಮಾಡಬೇಕು. ಆದ್ದರಿಂದ ಚೀಟಿಯ ಮೇಲಿನ ಒಂದು ಅಂಕಿಯೂ ತಪ್ಪಬಾರದು. ಈ ಕೆಲಸ ನನ್ನ ಸ್ವಭಾವಕ್ಕೆ ಹೊಂದಿತು. ತಪ್ಪಾದೀತೆಂಬ ಹೆದರಿಕೆ ನನಗೆ ಹುಟ್ಟಿನಿಂದಲೇ ಇದೆ.

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಅಪ್ಪ ಗೋಕಾಕ ಫಾಲ್ಸಿನ ಗಿರಣಿಯ ನೂಲಿನ ಖಾತೆಯಲ್ಲಿ ದುಡಿದು, ನಿವೃತ್ತರಾದ ಮೇಲೆ ಹುಕ್ಕೇರಿಯಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿದರು. ಅಕ್ಕನನ್ನು ಮೂಡಲಗಿಗೆ ಕೊಟ್ಟಿದೆ. ನಾನು ಗೋಕಾಕದಲ್ಲಿ ಸಸ್ಯಶಾಸ್ತ್ರ ಓದಿ, ಎರಡು ವರ್ಷ ಅರ್ಜಿ ಹಾಕುತ್ತ ಕುಳಿತಿದ್ದೆ. ಈ ನೌಕರಿಯ ಪತ್ರ ಬಂದ ದಿನ ಅವ್ವ ಕೇಳಿದಳು, "ಎಂಥಾ ಕಂಪನಿ ಐತಿ ಅದು?"

"ನಾರಿನ ಬೆಳಿ ಬೇ ಅವ್ವಾ," ಎಂದೆ.

"ನಾರಂದ್ರ? ಪುಂಡಿ ಏನ?"

ನಾನು ಹೂಂ ಎಂದೆ. ಇಡೀ ಸುಳ್ಳು ಇಷ್ಟೇ.

ಪುಂಡಿ ನಮ್ಮಲ್ಲಿ ಪಲ್ಯ ಮಾಡುವ ಹುಳಿಸೊಪ್ಪು. ಅದರ ಶಾಸ್ತ್ರೀಯ ಹೆಸರಿನಲ್ಲಿ 'ಕ್ಯಾನಬಿನಸ್', ಅಂದರೆ ಭಂಗಿಯಂಥದು, ಎಂಬ ಪದವಿದೆ. ಎರಡೂ ಗಿಡಗಳ ಎಲೆ ಬೆರಳು ಬಿಡಿಸಿದ ಅಂಗೈಯಂತಿರುತ್ತದೆ. ಎರಡರ ತೊಗಟೆಯಿಂದಲೂ ಹಗ್ಗ ಹೊಸೆಯುತ್ತಾರೆ. ಹಾಗಾಗಿ ಹೇಳಿದ್ದು ಅರ್ಧ ಸರಿ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ನಿಜ ಗೊತ್ತಿದ್ದ ಅಕ್ಕ ಮಾತ್ರ ಫೋನಿನಲ್ಲಿ ಚುಚ್ಚಿದಳು: "ಇಷ್ಟ ಸಾಲಿ ಕಲ್ತು ಇದನ್ನ ಕಲ್ತಿ ಏನ, ಸುಳ್ಳಿಗೆ ಲ್ಯಾಟಿನ್ ಹೆಸರ ಹಚ್ಚೂದು?"

ಹೊರಡುವ ದಿನ ಘಟಪ್ರಭಾ ಸ್ಟೇಶನ್ನಿನಲ್ಲಿ ಅವ್ವ ನನ್ನ ಕೈಗೊಂದು ಬಟ್ಟೆಯ ಗಂಟು ಕೊಟ್ಟಳು. ಪುಂಡಿ ಬೀಜ. "ನಿಮ್ಮ ಸಾಹೇಬ್ರಿಗೆ ಕೊಡು. ನಮ್ಮ ಕಡೆ ಪುಂಡಿ ಭಾಳ ಚೊಲೋ ಬರತೈತಿ ಅಂತ ಹೇಳು." ರೈಲು ನಮ್ಮ ಜಿಲ್ಲೆ ದಾಟುವವರೆಗೂ ನಾನು ಆ ಗಂಟನ್ನು ಚೀಲದೊಳಗೆ ಇಡಲಿಲ್ಲ.

ಇಲ್ಲಿ ಬಾಡಿಗೆಗೆ ಸಿಕ್ಕದ್ದು ಆಮಾ ಅವರ ಮನೆಯ ಮೇಲಿನ ಕೋಣೆ. ನಮ್ಮಲ್ಲಿ ಮನೆಯ ಮುಂದೆ ರಸ್ತೆ ಇರುತ್ತದೆ. ಇಲ್ಲಿ ಮನೆಯ ಮುಂದೆ ನೆಲವೇ ಮುಗಿದು, ಕೆಳಗಿನ ಮನೆಯ ಚಾವಣಿ ಕಾಣುತ್ತದೆ. ನೀರು ತರಲು ನೌಲಾಕ್ಕೆ ಇಳಿಯಬೇಕು. ನೌಲಾ ಎಂದರೆ ಒರತೆಯ ಮೇಲೆ ಕಲ್ಲಿನಲ್ಲಿ ಕಟ್ಟಿದ ಚಿಕ್ಕ ಗುಡಿಯಂಥ ಕೊಳ. ಜೋಳದ ರೊಟ್ಟಿ ತಟ್ಟಿದ ಕೈಗೆ ಇಲ್ಲಿಯ ಮಡುವಾ, ಅಂದರೆ ರಾಗಿಯ ರೊಟ್ಟಿ, ಮೊದಲ ತಿಂಗಳು ಒಲಿಯಲೇ ಇಲ್ಲ, ಅಂಚುಗಳು ಒಡೆದವು.

ಮಾತಿನಲ್ಲೂ ಹಾಗೆಯೇ ಆಯಿತು. ಹಿರಿಯರಿಗೆ 'ರೀ' ಹಚ್ಚದೆ ಮಾತಾಡಿದರೆ ನನ್ನ ನಾಲಿಗೆಗೆ ಭಯ. ಮೊದಲ ವಾರ ಆಮಾ ಅವರೊಡನೆ ಹಿಂದಿಯಲ್ಲಿ ಮಾತಾಡುತ್ತ ಪ್ರತಿ ಸಲವೂ ಕೊನೆಗೆ 'ರೀ' ಸೇರಿಸಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇಲ್ಲಿ 'ರೀ' ಎನ್ನುವುದು ಚಿಕ್ಕ ಹುಡುಗಿಯರನ್ನು ಕರೆಯುವ ಮಾತಂತೆ. ಎಪ್ಪತ್ತು ದಾಟಿದವರನ್ನು ನಾನು ನಮ್ಮ 'ಲೇ ಹುಡುಗಿ' ಎನ್ನುವ ಧಾಟಿಯಲ್ಲಿ ಕರೆದಂತಾಗಿತ್ತು. ಕ್ಷಮೆ ಕೇಳಿದೆ. "ಬಿಡಬೇಡ," ಎಂದರು ಅವರು, "ನನ್ನನ್ನು ಹುಡುಗಿ ಎನ್ನುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ."

ಅವ್ವ ಕೊಟ್ಟ ಬೀಜವನ್ನು ಕಂಪನಿಗೆ ಕೊಡಲು ಸಾಧ್ಯವಿರಲಿಲ್ಲ. ಆಮಾ ಅವರ ಹಿತ್ತಲಿನಲ್ಲಿ ಒಂದು ಸಾಲು ಊರಿದೆ. ಎಲೆಗಳು ಬಂದಾಗ ಅವರು ಬಗ್ಗಿ ನೋಡಿ, ನನ್ನ ಮುಖ ನೋಡಿ, ಒಳಗೆ ಹೋದರು.

ಪಂಚಮಿಗೆ ರಜೆ ಸಿಗಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರದಿದ್ದರೆ ಓಣಿಯೆಲ್ಲ ಕಾರಣ ಕೇಳುತ್ತದೆ. ಆ ಕೊರತೆ ತುಂಬಲು, ಹಿಂದಿನ ವರ್ಷದ ಭಂಗಿ ನಾರಿನಿಂದ ಇಲ್ಲಿಯ ಹೆಂಗಸರು ಹೊಸೆದಿದ್ದ ಹಗ್ಗವೊಂದನ್ನು ಹಬ್ಬಕ್ಕೆ ಬರುವ ಅಕ್ಕನ ಮಗಳ ಜೋಕಾಲಿಗೆಂದು ಅಂಚೆಯಲ್ಲಿ ಹುಕ್ಕೇರಿಗೆ ಕಳಿಸಿದೆ. ಎಲ್ಲ ಅಂಕಿಗಳನ್ನೂ ಎರಡು ಸಲ ನೋಡುವ ನಾನು, ಆ ಹಗ್ಗ ಯಾರ ಮನೆಗೆ ಹೋಗುತ್ತಿದೆ ಎಂಬುದನ್ನು ಮಾತ್ರ ನೋಡಲಿಲ್ಲ. ಮೂವತ್ತು ವರ್ಷ ನೂಲು ಮುಟ್ಟಿದ ಬೆರಳುಗಳಿದ್ದ ಮನೆ ಅದು.

ಅಪ್ಪ ಫೋನ್ ಮಾಡಿದರು. "ಹಗ್ಗ ಮುಟ್ಟೇತಿ."

"ಚೊಲೋ ಐತೇನಪಾ?"

"ಗಟ್ಟಿ ಐತಿ." ಆಮೇಲೆ, "ಅಲ್ಲಿ ಪುಂಡಿ ಹಿಂಗ ಇರತೈತೇನು?" ಎಂದರು.

"ಹೂಂ. ಇಲ್ಲಿ ಥಂಡಿ ಐತೆಲ್ಲ, ಅದಕ್ಕ."

"ಹೂಂ," ಎಂದು ಅವರು ಫೋನ್ ಇಟ್ಟರು.

ಅದಾದ ಕೆಲವು ದಿನಗಳಿಗೆ ಹೊಲದ ಮೇಲ್ವಿಚಾರಕ ರಾವತ್ ಸರ್ ನನ್ನನ್ನು ಕರೆದರು. ಹೂ ಬಿಟ್ಟ ಹೊಲದೊಳಗೆ ಕಾಲಿಡುವವರ ಹೆಸರು ಕಂಪನಿಯ ಪಟ್ಟಿಯಲ್ಲಿ ಇರಬೇಕು. ಪಟ್ಟಿಗೆ ಸೇರಲು ಸ್ವಂತ ಊರಿನ ಪೊಲೀಸರಿಂದ ನಡತೆಯ ಪತ್ರ ಬರಬೇಕು. ನನ್ನ ಕಾಗದ ಹುಕ್ಕೇರಿಗೆ ಹೋಗಿತ್ತು. "ಹೂ ಬಿಡುವುದರೊಳಗೆ ಪತ್ರ ಬಾರದಿದ್ದರೆ ನಾನು ಬೇರೆಯವರನ್ನು ನೋಡಬೇಕಾಗುತ್ತದೆ," ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಪತ್ರ ಬಾರದಿದ್ದರೆ ನೌಕರಿ ಹೋಗುತ್ತದೆ. ಪತ್ರ ಬರಬೇಕಾದರೆ ಪೊಲೀಸರು ನಮ್ಮ ಮನೆಯ ಬಾಗಿಲಿಗೆ ಹೋಗುತ್ತಾರೆ. ಅವರು ಹೋಗುವ ಮೊದಲು ನಾನೇ ಅಪ್ಪನಿಗೆ ಹೇಳಬೇಕೆಂದು ಪ್ರತಿದಿನ ಊಟದ ಬಿಡುವಿನಲ್ಲಿ ನೌಲಾದ ಮೇಲಿನ ಬಂಡೆಗೆ ಹತ್ತುತ್ತಿದ್ದೆ, ಏಕೆಂದರೆ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ವಾಕ್ಯಗಳನ್ನು ಕಾಗದದ ಮೇಲೆ ಬರೆದುಕೊಂಡೂ ಇದ್ದೆ. ಫೋನ್ ಹಚ್ಚಿದರೆ ಹವಾಮಾನ, ಊಟ, ಅವ್ವನ ಮೊಣಕಾಲು ಇಷ್ಟೇ ಮಾತಾಗುತ್ತಿತ್ತು. ಕೆಳಗಿನ ಹೊಲಗಳಲ್ಲಿ ಗಿಡಗಳು ಆಳೆತ್ತರ ದಾಟಿದವು. ನಾನು ದಿನವೂ ಬೇಲಿಯಾಚೆಯಿಂದ ತುದಿಗಳನ್ನು ನೋಡುತ್ತಿದ್ದೆ, ಹೂವು ಬಂದೀತೆಂಬ ಭಯದಿಂದ.

ಒಂದು ಮಧ್ಯಾಹ್ನ ಬಂಡೆಯ ಮೇಲಿದ್ದಾಗ ಅಕ್ಕನ ಫೋನ್ ಬಂತು. ಅವಳು ಸಂತೆಗೆಂದು ಮೂಡಲಗಿಯಿಂದ ಹುಕ್ಕೇರಿಗೆ ಬಂದು ತವರಿನಲ್ಲಿದ್ದಳು. ಮಾತು ಆರಂಭಿಸುವಷ್ಟರಲ್ಲಿ ಅವಳ ದನಿ ತಗ್ಗಿತು. "ಬಂದಾನ ನೋಡು. ಪೊಲೀಸ. ಫೋನ್ ಇಡಬ್ಯಾಡ." ಅವಳು ಫೋನನ್ನು ಹಾಗೆಯೇ ಕಿಟಕಿಯಲ್ಲಿಟ್ಟಳು. ಸುಮಾರು ಎರಡು ಸಾವಿರ ಕಿಲೋಮೀಟರಿನಾಚೆ ನಮ್ಮ ಮನೆಯ ಕುರ್ಚಿ ಎಳೆದ ಸದ್ದು ನನಗೆ ಕೇಳಿಸಿತು.

"ಬರ್ರಿ, ಕುಂಡ್ರ್ರಿ," ಎಂದರು ಅಪ್ಪ.

"ಕಾಕಾ, ನಿಮ್ಮ ಸಣ್ಣ ಮಗಳ ಕಾಗದ ಬಂದೈತ್ರಿ ಠಾಣೆಗೆ. ಆಕಿ ಎಲ್ಲಿ ಕೆಲಸ ಮಾಡ್ತಾಳ್ರಿ?"

ಉತ್ತರ ಕೊಟ್ಟವಳು ಅವ್ವ. "ಪುಂಡಿ ಕಂಪನ್ಯಾಗ್ರಿ ಸಾಹೇಬ್ರ. ದೊಡ್ಡ ಕಂಪನಿ ಐತ್ರಿ."

ಕಾಗದದ ಮಡಿಕೆ ಬಿಚ್ಚಿದ ಸದ್ದು. ಆಮೇಲೆ ಕಾನ್‌ಸ್ಟೇಬಲ್ ನಕ್ಕದ್ದು. "ಪುಂಡಿಪಲ್ಯಕ್ಕ ಪೊಲೀಸರ ಸಹಿ ಯಾಕ ಬೇಕಾಗತೈತ್ರಿ ಕಾಕು? ಇದರಾಗ ಹಿಂದ್ಯಾಗ ಭಾಂಗ್ ಅಂತ ಬರದಾರ್ರಿ. ಭಂಗಿ. ಗಾಂಜಾ ಗಿಡದ್ದ ಜಾತಿ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಕಾಕಾ, ನಿಮಗ ಇದು ಗೊತ್ತೈತೇನ್ರಿ? ಮಗಳು ಮನ್ಯಾಗ ಖರೆ ಹೇಳಿಲ್ಲಂದ್ರ ನಾ ಏನಂತ ಬರೀಲಿ?"

"ಗೊತ್ತೈತ್ರಿ," ಎಂದರು ಅಪ್ಪ. "ಸರಕಾರದ ಪರವಾನಗಿ ಇದ್ದ ಹೊಲ. ನಾರಿಗೆ ಬೆಳೀತಾರ. ಆ ಜೋಕಾಲಿ ಹಗ್ಗ ನೋಡ್ರಿ, ಅದರದ್ದ."

"ಮಗಳ ಹೇಳ್ಯಾಳೇನ್ರಿ?"

"ಹೇಳ್ಯಾಳ್ರಿ. ಬರಕೋರಿ."

ಪೆನ್ನಿನ ಸದ್ದು ಫೋನಿನಲ್ಲಿ ಕೇಳಿಸುವುದಿಲ್ಲ. ಆದರೆ ಅಪ್ಪ ಎಷ್ಟು ನಿಧಾನವಾಗಿ ಸಹಿ ಮಾಡುತ್ತಾರೆಂದು ನನಗೆ ಗೊತ್ತು. ಅಷ್ಟು ಹೊತ್ತು ಕಾದೆ. ಚಪ್ಪಲಿಯ ಸದ್ದು ಹೊರಗೆ ಹೋಯಿತು. ಯಾರೋ ಫೋನ್ ಎತ್ತಿದರು.

"ಕೇಳಾಕತ್ತಿ ಅಂತ ಗೊತ್ತೈತಿ," ಎಂದರು ಅಪ್ಪ. "ಪುಂಡಿ ನಾರು ಬೆರಳಿಗೆ ಒರಟ ಹತ್ತತೈತಿ. ಹಗ್ಗ ಬಿಚ್ಚಿ ನೋಡಿದ ದಿನಾನ ನನಗ ತಿಳದಿತ್ತು. ಪರವಾನಗಿ ಐತಿ ಅಂತ ನಿಮ್ಮಕ್ಕ ಹೇಳಿದ್ಲು. ನೀನ ಹೇಳ್ತಿ ಅಂತ ಕಾಯಾಕತ್ತಿದ್ನಿ."

ವಾಕ್ಯಗಳನ್ನು ಬರೆದಿಟ್ಟುಕೊಂಡಿದ್ದ ಕಾಗದವನ್ನು ನಾನು ಬಿಚ್ಚಿದೆ.

"ಮಗಳ ಹೇಳ್ಯಾಳ ಅಂತ ಸುಳ್ಳ ಬರಸೀನಿ. ಇಷ್ಟ ವರ್ಷ ಒಂದ ಸುಳ್ಳಿನ ಮ್ಯಾಲೂ ನಾ ಸಹಿ ಮಾಡಿದ್ದಿಲ್ಲ. ಈಗ ಹೇಳು. ನೀ ಹೇಳಿದ್ರ ಅದು ಖರೆ ಆಗತೈತಿ."

ಹೇಳಿದೆ. ಗಿಡ ಯಾವುದು, ನಾನು ಏನನ್ನು ಕತ್ತರಿಸುತ್ತೇನೆ, ಯಾಕೆ ಮುಚ್ಚಿಟ್ಟೆ, ಎಲ್ಲವನ್ನೂ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವ್ವನಿಗೆ ಫೋನ್ ಕೊಡಲು ಕೇಳಿದೆ. ಅವಳು ಫೋನ್ ತೆಗೆದುಕೊಳ್ಳಲಿಲ್ಲ. ದೂರದಿಂದಲೇ ಒಂದು ಪ್ರಶ್ನೆ ಬಂತು. "ಅದನ್ನ ತಿಂದಾಳೇನ ಕೇಳ್ರಿ."

"ಚಟ್ನಿ ತಿಂದೀನಿ," ಎಂದೆ. ಅಕ್ಕ ನಕ್ಕದ್ದು ಕೇಳಿಸಿತು, ಅವ್ವ ನಗಲಿಲ್ಲ.

ಎರಡು ವಾರದಲ್ಲಿ ಪತ್ರ ಬಂತು. ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು, ಅದರ ಮುಂದೆ ಹಿಂದಿ ಅಕ್ಷರಗಳಲ್ಲಿ ಹುಕ್ಕೇರಿ. ಕುಮಾವೂಂನ ಹತ್ತಾರು ಹಳ್ಳಿಗಳ ಹೆಸರಿನ ಕೆಳಗೆ ಅದೊಂದೇ ಬೇರೆಯಾಗಿತ್ತು. ಹೂವುಗಳು ನಾಲ್ಕು ದಿನಗಳ ನಂತರ ಬಿಟ್ಟವು.

ಮಾದರಿ ತೆಗೆಯುವ ದಿನ ಅಬಕಾರಿ ಅಧಿಕಾರಿಯೂ ಜೊತೆಗೆ ಬಂದರು. ಹೊಲದಿಂದ ಮರಳುವಾಗ ಆಮಾ ಅವರ ಹಿತ್ತಲ ಮುಂದೆ ನಿಂತುಬಿಟ್ಟರು. ಬೆರಳು ಬಿಡಿಸಿದ ಎಲೆಗಳ ಒಂದು ಸಾಲು. "ಪರವಾನಗಿ ಇಲ್ಲದ ಜಾಗದಲ್ಲಿ ಇದನ್ನು ಯಾರು ಬೆಳೆದದ್ದು?" ಆಮಾ ನನ್ನ ಕಡೆ ನೋಡಿದರು. ರಾವತ್ ಸರ್ ಕೂಡ.

"ಇದು ಪುಂಡಿ ಸರ್," ಎಂದೆ. ಈ ಸಲ ಅದು ನಿಜವಾಗಿತ್ತು, ಈ ಸಲ ಯಾರೂ ನಂಬಲಿಲ್ಲ. ಶಾಸ್ತ್ರೀಯ ಹೆಸರು ನಾಲಿಗೆಯ ತುದಿಗೆ ಬಂತು. ಅದರಲ್ಲಿಯೂ ಭಂಗಿಯ ಹೆಸರಿದೆ ಎಂದು ನೆನಪಾಗಿ ನುಂಗಿಕೊಂಡೆ. ಒಂದು ಎಲೆ ಕಿತ್ತು ಅವರೆದುರೇ ಅಗಿದೆ. ಇನ್ನೊಂದನ್ನು ಅವರ ಕೈಗೆ ಕೊಟ್ಟೆ. ಅವರು ಅನುಮಾನದಿಂದ ತುದಿ ಕಚ್ಚಿ, ಹುಳಿಗೆ ಕಣ್ಣು ಕಿರಿದು ಮಾಡಿದರು.

"ಇದು ಎಲ್ಲಿಯದು?"

"ನಮ್ಮದು," ಎಂದೆ. ಎಲ್ಲಿಯದೆಂದು ಅವರು ಕೇಳಿದ್ದರು. ನನಗೆ ಬಂದ ಉತ್ತರ ಅದೊಂದೇ.

ಚಳಿಗೆ ಈ ಸಾಲು ಉಳಿಯುವುದಿಲ್ಲ ಎಂದು ಆಮಾ ಹೇಳಿದ್ದರಿಂದ ಅಂದು ಸಂಜೆ ಎಲೆಗಳನ್ನೆಲ್ಲ ಬಿಡಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಜೋಳದ ರೊಟ್ಟಿ ಇರಲಿಲ್ಲ. ಮಡುವಾ ರೊಟ್ಟಿ ಮಾತ್ರ ಈಗ ಅಂಚು ಒಡೆಯದೆ ಬರುತ್ತದೆ. ಊಟ ಮುಗಿಸುವ ಮೊದಲೇ ತಟ್ಟೆ ಹಿಡಿದು ಬಂಡೆ ಹತ್ತಿ ಮನೆಗೆ ಫೋನ್ ಮಾಡಿದೆ. ಅಂದಿನಿಂದ ನನ್ನೊಡನೆ ಮಾತಾಡದಿದ್ದ ಅವ್ವನೇ ಎತ್ತಿದಳು.

"ಉಂಡ್ಯಾ?" ಎಂದಳು.

"ಉಣ್ಣಾಕತ್ತೇನಿ. ಪುಂಡಿಪಲ್ಯ."

"ಖರೇನ ಪುಂಡೀನ?"

"ಖರೇನ ಪುಂಡಿ ಬೇ ಅವ್ವಾ. ನೀ ಕೊಟ್ಟ ಬೀಜದ್ದು," ಎಂದೆ. ನಂತರ, ತಟ್ಟೆಯ ಇನ್ನೊಂದು ಬದಿಗಿದ್ದುದನ್ನೂ ಹೇಳಿಬಿಟ್ಟೆ. "ಬಾಜೂಕ ಭಂಗಿ ಚಟ್ನಿ ಐತಿ."