ಪಕ್ಕದ ಸೀಟಿನ ಬ್ರೇಕು

ಬ್ರೇಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವವರು ಒಂದು ದಿನ ಅವಳ ಸೀಟಿನಲ್ಲಿ ಕೂತು ನೋಡಬೇಕು. ಇಪ್ಪತ್ತೆರಡು ವರ್ಷದಿಂದ ಅವಳು ಅಣ್ಣನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಕೈಯಲ್ಲಿ ಸ್ಟೇರಿಂಗು, ಪಕ್ಕದ ಸೀಟಿನಲ್ಲಿ ಇವಳು, ಇವಳ ಕಾಲ ಕೆಳಗೆ ಇನ್ನೊಂದು ಬ್ರೇಕು. ಎದುರಿನ ಗೋಡೆ ಕಲಿಯುವವರ ಕಣ್ಣಿಗೆ ಬೀಳುವ ಮೊದಲೇ ಇವಳ ಕಾಲಿಗೆ ಗೊತ್ತಾಗಿರುತ್ತದೆ. ಹೆಸರು ಬಂದದ್ದು ಹಾಗೆ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಲಾರಿ ಕಲಿಸುವ ಕ್ಲಾಸು. ಲಾರಿ ಲೈಸೆನ್ಸು ತೆಗೆದು ಒಂಬತ್ತು ವರ್ಷವಾಗಿತ್ತು. ಕೇಳಿದಾಗೆಲ್ಲ ಅಣ್ಣ ಮೀಸೆಯಡಿಯಲ್ಲೇ ನಗುತ್ತಿದ್ದ.

"ಲಾರಿಗೆ ಓಡಿಸೋ ಕೈ ಬೇಕು ಕಣೇ. ನಿನ್ನದು ನಿಲ್ಲಿಸೋ ಕಾಲು."

ಈ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತ್ತು.

ಸ್ಕೂಲಿನ ಹಿಂದಿನ ಕೋಣೆಯಲ್ಲಿ ಕಾರ್ ರೇಸಿನ ವಿಡಿಯೋ ಗೇಮ್ ಇತ್ತು. ಎರಡು ಸೀಟು, ಎರಡು ಸ್ಟೇರಿಂಗು, ಗೋಡೆಯಗಲದ ಪರದೆ. ಮಳೆ ಬಂದಾಗ ಕಲಿಯುವವರ ಕೈ ಪಳಗಲಿ ಅಂತ ಅಣ್ಣ ಹಾಕಿಸಿದ್ದು. ಆಟ ಅಂದರೆ ಹುಡುಗಾಟವಲ್ಲ. ಟೈರು ಕಾದರೆ ಹಿಡಿತ ಬದಲಾಗುತ್ತದೆ, ತಿರುವಿನಲ್ಲಿ ಬ್ರೇಕು ಜೋರಾಗಿ ಒತ್ತಿದರೆ ಕಾರು ಜಾರುತ್ತದೆ, ಸ್ಟೇರಿಂಗು ಕೈಯಲ್ಲೇ ಅದುರುತ್ತದೆ. ಮೂರು ತಿಂಗಳು ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಆಡಿದ ಬ್ರೇಕಮ್ಮ ಒಂದು ದಿನ ಅಣ್ಣನ ಮೇಜಿನ ಮುಂದೆ ನಿಂತಳು.

"ಆಟದಲ್ಲಿ ನಿನ್ನ ಸೋಲಿಸಿದರೆ ಲಾರಿ ಕ್ಲಾಸು ನನಗೆ."

"ಸೋತರೆ ಲಾರಿ ಮಾತು ಎತ್ತಬಾರದು."

"ಎತ್ತಲ್ಲ."

ಭಾನುವಾರ ಮಧ್ಯಾಹ್ನ ಐದು ಸುತ್ತಿನ ಪಂದ್ಯ. ಕಾರು ಕಲಿಯುತ್ತಿದ್ದ ನರ್ಸಮ್ಮ, ಟೈಲರು ಹಿಂದೆ ನಿಂತು ನೋಡುತ್ತಿದ್ದರು. ನಾಲ್ಕು ಸುತ್ತು ಬ್ರೇಕಮ್ಮನೇ ಮುಂದೆ. ಕೊನೆಯ ತಿರುವು ಬಂತು. ಅಣ್ಣನ ಕಾರು ಮೈಮೇಲೆ ದೆವ್ವ ಬಂದ ಹಾಗೆ ಅವಳ ಕಾರಿನ ಪಕ್ಕಕ್ಕೆ ನುಗ್ಗಿತು. ಆ ವೇಗಕ್ಕೆ ಅದು ತಿರುಗುವುದಿಲ್ಲ ಅಂತ ಅವಳಿಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

"ಬ್ರೇಕ್ ಹಾಕೇ!" ಅಂತ ಅಣ್ಣ ಕಿರುಚಿದ.

ಇಪ್ಪತ್ತೆರಡು ವರ್ಷ ಅಂಗಳದಾಚೆಯಿಂದ ಅವನು ಹೀಗೇ ಕಿರುಚಿದ್ದ. ಅವಳ ಕಾಲು ಕೇಳಿತು, ಒತ್ತಿತು. ಪಾಪ, ಆ ಕಾಲು ಪಕ್ಕದವನನ್ನು ಉಳಿಸಲು ಹೋಗಿ ತನ್ನ ಕಾರನ್ನೇ ನಿಲ್ಲಿಸಿತು. ಅಣ್ಣನ ಕಾರು ಗೋಡೆಗೆ ಬಡಿದು, ಗಿರಗಿರ ತಿರುಗಿ, ಒಂದು ಚಕ್ರ ಎಳೆದುಕೊಂಡೇ ಗೆಲುವಿನ ಗೆರೆ ದಾಟಿತು.

"ಪಂದ್ಯ ಅಂದ್ರೆ ಪಂದ್ಯ," ಅಂದ ಅಣ್ಣ.

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ," ಅಂತ ಟೈಲರು ಗೊಣಗಿದ.

ಬ್ರೇಕಮ್ಮನ ಕಿವಿ ಕೆಂಪಾಗಿತ್ತು. "ಕೂಗಿದ್ದು ಯಾರು?"

"ಬಾಯಿಗೆ ಬಂತು."

"ನಿನ್ನ ತಲೆ ಉಳಿಸೋಕೆ ನನ್ನ ಕಾಲು ಬೇಕು. ಲಾರಿ ಹತ್ತೋಕೆ ಮಾತ್ರ ಅದೇ ಕಾಲು ಬೇಡ."

ಅಣ್ಣ ಪರದೆ ಆರಿಸಿ ಹೊರಟ.

ಮರುದಿನ ಬೆಳಿಗ್ಗೆ ನರ್ಸಮ್ಮ ಕಾರಿನಲ್ಲಿ ಕೂತು ಕಾಯುತ್ತಿದ್ದರೆ ಬ್ರೇಕಮ್ಮ ಅಂಗಳದ ಬೆಂಚು ಬಿಟ್ಟು ಏಳಲೇ ಇಲ್ಲ.

"ಏನೇ, ಮಾತಿಗೆ ತಪ್ಪುತ್ತೀಯಾ?" ಅಂದ ಅಣ್ಣ.

"ಲಾರಿ ಮಾತು ಎತ್ತಲ್ಲ ಅಂದೆ, ಎತ್ತಿಲ್ಲ. ಕಾರು ಹತ್ತುತ್ತೀನಿ ಅಂತ ಯಾವತ್ತು ಅಂದೆ?"

ಅಣ್ಣ ಹಲ್ಲು ಕಡಿಯುತ್ತ ತಾನೇ ಪಕ್ಕದ ಸೀಟಿನಲ್ಲಿ ಕೂತ. ಕಾರು ಅಂಗಳ ಸುತ್ತಿ ಗೇಟಿನ ಕಡೆ ಬಂತು. ನರ್ಸಮ್ಮ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಮೆಟ್ಟಿದರು. ಅಣ್ಣನ ಕಾಲ ಕೆಳಗೇ ಬ್ರೇಕು ಇತ್ತು. ಅವನೋ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೆಂಚಿನ ಕಡೆ ತಿರುಗಿ, "ಬ್ರೇಕ್ ಹಾಕೇ!" ಅಂತ ಕಿರುಚಿದ.

ಕಾರು ಗೇಟಿನ ಕಂಬಕ್ಕೆ ಗುದ್ದಿತು, ಮೇಲಿದ್ದ ಸ್ಕೂಲಿನ ತಗಡಿನ ಬೋರ್ಡು ದಡಾರನೆ ನೆಲಕ್ಕೆ ಬಿತ್ತು. ಎಂಜಿನ್ ಆರಿತು. ಯಾರಿಗೂ ಪೆಟ್ಟಾಗಲಿಲ್ಲ.

ಅಣ್ಣ ಇಳಿದು ಬಂದ. ಆ ಮೀಸೆ ಆವತ್ತು ನಗಲಿಲ್ಲ. ಜೇಬಿನಿಂದ ಲಾರಿಯ ಕೀಲಿ ತೆಗೆದು ಬೆಂಚಿನ ಮೇಲಿಟ್ಟ.

ಬ್ರೇಕಮ್ಮ ಕೀಲಿ ಎತ್ತಿಕೊಂಡಳು. ಮುಖದ ಗಂಟು ಮಾತ್ರ ಬಿಚ್ಚಲಿಲ್ಲ.

"ಇದನ್ನ ಒಂಬತ್ತು ವರ್ಷದ ಹಿಂದೆ ಕೊಡೋಕೆ ನಿನಗೇನು ರೋಗ ಬಂದಿತ್ತು?" ಅಂದಳು. "ಹೋಗು, ಬೋರ್ಡು ಎತ್ತು. ನನ್ನ ಲಾರಿಗೆ ದಾರಿ ಬೇಕು."