‘ನಂಬರ್ ಪ್ಲೀಸ್’ ಸಾಹೇಬರು

ಎಂಬತ್ತರ ದಶಕದಲ್ಲಿ ನಾನು ಅಫಜಲಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆಗ ಫೋನ್ ಎತ್ತಿದವರ ದನಿ ಮೊದಲು ನಮ್ಮ ಕಿವಿಗೇ ಬೀಳುತ್ತಿತ್ತು. ಅವರು ಹೇಳಿದ ನಂಬರಿಗೆ ನಾವು ಕೈಯಿಂದ ವೈರು ಚುಚ್ಚಿ ಮಾತು ಕೂಡಿಸಬೇಕು. ಆದರೆ ನಮ್ಮ ಕಡೆಯ ಜನ ನೇರವಾಗಿ ನಂಬರ್ ಹೇಳುವವರೇ ಅಲ್ಲ. “ಶರಣ್ರಿ, ಆರಾಮ ಅದೀರೇನ್ರಿ? ಊಟ ಆತೇನ್ರಿ? ನಿಮ್ಮ ಕಡಿ ಮಳಿ ಹ್ಯಾಂಗ?” ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆಯೇ ನಂಬರ್. ಉತ್ತರ ಕೊಡದಿದ್ದರೆ, ಈ ಹುಡುಗಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಚಿಂತೆ ಬೇರೆ.

ಹೊಸದಾಗಿ ಬಂದ ಸೂಪರ್‌ವೈಸರ್ ಸಾಹೇಬರಿಗೆ ಇದು ಆಗಿಬರಲಿಲ್ಲ. ಹುಟ್ಟಿದ್ದು ಜೇವರ್ಗಿ ಕಡೆಯ ಹಳ್ಳಿಯಲ್ಲೇ. ಬೆಂಗಳೂರಿಗೆ ಟ್ರೇನಿಂಗ್‌ಗೆ ಹೋದವರು ನಾಲಿಗೆಗೂ ಇಸ್ತ್ರಿ ಹೊಡೆಸಿಕೊಂಡು ಬಂದಿದ್ದರು. “ಆಪರೇಟರ್ ಅಂದರೆ ಮಷಿನ್. ನೀವು ಹೇಳಬೇಕಾದದ್ದು ಎರಡೇ ಶಬ್ದ, ನಂಬರ್ ಪ್ಲೀಸ್. ಮೂರನೆಯದು ಬಂದರೆ ಮೆಮೊ” ಎಂದು ಸಾರಿದರು. ನಮ್ಮ ಬೆನ್ನ ಹಿಂದಿನ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಚಹಾ ಕುಡಿಯುತ್ತ, ನಮ್ಮ ಮಾತು ಕದ್ದು ಕೇಳುವುದೇ ಅವರ ದೊಡ್ಡ ಕೆಲಸ. ನೀರು ಕುಡಿಯಲು ಎದ್ದರೆ, “ಬಾಯಿ ಒಣಗುವಷ್ಟು ಏನು ಮಾತಾಡಿದಿರಿ?” ಎಂದು ವಿಚಾರಣೆ.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆ ನಡೆಯುತ್ತಿದ್ದದ್ದು ನನ್ನ ಪಗಾರದಲ್ಲಿ. ಘತ್ತರಗಿಯ ಹಿರಿಯರೊಬ್ಬರಿಗೆ “ಆರಾಮ್ರಿ” ಅಂದದ್ದಕ್ಕೆ ಆಗಲೇ ಒಂದು ಮೆಮೊ ಸಿಕ್ಕಿತ್ತು. “ಇನ್ನೊಂದು ಬಂದರೆ ನಾಳೆಯಿಂದ ಬರುವುದು ಬೇಡ” ಎಂದು ಸಾಹೇಬರು ಎಲ್ಲರೆದುರು ನಕ್ಕಿದ್ದರು. ಮೈಯೆಲ್ಲ ಉರಿದರೂ ಮುಂದಿನ ಕರೆಗೆ ವೈರು ಚುಚ್ಚಿದ್ದೆ.

ಒಂದು ಮಧ್ಯಾಹ್ನ ಜೇವರ್ಗಿಯಿಂದ ಟ್ರಂಕ್ ಕಾಲ್ ಬಂತು. ಅಲ್ಲಿಯ ಪೋಸ್ಟ್ ಆಫೀಸಿನಿಂದ ಒಬ್ಬ ಮುದುಕಿ.

“ಶರಣು ಯವ್ವಾ. ಆರಾಮ ಅದೀಯೇನು? ಊಟ ಆತೇನು?”

ಸಾಹೇಬರು ಹಿಂದೆ ಕೇಳುತ್ತ ಕುಳಿತಿದ್ದರು. “ನಂಬರ್ ಪ್ಲೀಸ್” ಎಂದೆ.

“ನಂಬರ್ ಗಿಂಬರ್ ನನಗ ಗೊತ್ತಿಲ್ಲವ್ವಾ. ನನ್ನ ಮಗ ಅಲ್ಲೇ ಸಾಹೇಬ ಅದಾನ. ಊರಿಗೆ ಬರದ ಭಾಳ ದಿನ ಆತು. ಆರಾಮ ಅದಾನೇನು, ಅಷ್ಟ ಹೇಳು.”

ತಿರುಗಿ ನೋಡಿದೆ. ಸಾಹೇಬರ ಕೈಯಲ್ಲಿದ್ದ ಚಹಾದ ಕಪ್ ತುಟಿಯ ಹತ್ತಿರವೇ ನಿಂತಿತ್ತು. ಅವರ ಹೆಡ್‌ಫೋನಿನಲ್ಲಿ ಕೇಳಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಕದ್ದು ಕೇಳುವವರಿಗೆ ಬಾಯಿ ಯಾಕೆ ಬೇಕು ಎಂದೇ ಹಾಗೆ ಮಾಡಿದ್ದಿರಬೇಕು. ನನಗೆ ಅಪ್ಪನ ಔಷಧಿ ನೆನಪಾಯಿತು.

“ನಂಬರ್ ಪ್ಲೀಸ್.”

“ಅಯ್ಯ ಶಿವನೇ, ಇಲ್ಲಿ ಮನಷ್ಯಾರೇ ಇಲ್ಲ” ಎಂದು ಆಕೆ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ಕೇಳಿಸಿತು. “ಇಂಥ ಮಂದ್ಯಾಗ ನನ್ನ ಮಗ ಹ್ಯಾಂಗ ದಿನಾ ತಗೀತಾನೋ, ಪಾಪ.” ಫೋನ್ ಇಟ್ಟಳು.

ಸಾಹೇಬರು ಕುರ್ಚಿ ಕೆಡವಿಕೊಂಡು ಓಡಿಬಂದರು. ನಾಲಿಗೆಯ ಇಸ್ತ್ರಿಯೆಲ್ಲ ಹೋಗಿತ್ತು. “ನಮ್ಮವ್ವ ಬೇ ಅಕಿ! ಒಂದ್ ಮಾತ ಆಡಿದ್ರ ಏನ್ ಹೋಗ್ತಿತ್ತು?”

“ನೌಕರಿ ಹೋಗ್ತಿತ್ರಿ, ಸಾಹೇಬ್ರ.”

ಜೇವರ್ಗಿಗೆ ಲೈನ್ ಹಚ್ಚು ಎಂದರು. ಹಚ್ಚಿದೆ. ಮುದುಕಿ ಆಗಲೇ ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದಾಳೆಂದು ಅಲ್ಲಿಯವರು ಹೇಳಿದರು. ಆಕೆಯ ಬಗ್ಗೆ ನನಗೆ ಬಹಳ ಸಂಕಟವಾಯಿತು. ಸಾಹೇಬರ ಬಗ್ಗೆ ಒಂದಿಷ್ಟೂ ಆಗಲಿಲ್ಲ.

ಅಷ್ಟರಲ್ಲಿ ಕರಜಗಿಯ ಬೆಲ್ಲದ ವ್ಯಾಪಾರಿಯ ಫೋನ್ ಬಂತು. “ಶರಣ್ರಿ ಅಕ್ಕಾರ, ಊಟ ಆತೇನ್ರಿ?”

ಸಾಹೇಬರು ನನ್ನ ಪಕ್ಕದಲ್ಲೇ ನಿಂತಿದ್ದರು.

“ಆತ್ರಿ ಅಣ್ಣಾರ” ಎಂದೆ, ಅವರ ಮುಖ ನೋಡುತ್ತಲೇ. “ನಿಮ್ದು ಆತೇನ್ರಿ? ಮನ್ಯಾಗ ಅವ್ವಾರು ಆರಾಮ ಅದಾರಿಲ್ರಿ?”