ಹಲಸಿನ ಕಿವಿರಾಯ

ಹಲಸಿನ ಮರ ಹತ್ತಿ ಕಾಯಿ ಇಳಿಸುವ ಅವನಿಗೆ ಜನ ಇಟ್ಟ ಹೆಸರು ಕಿವಿರಾಯ. ಮೂವತ್ತು ವರ್ಷ ಅವನು ಕಣ್ಣು ಮುಚ್ಚಿ, ಬೆರಳ ಗೆಣ್ಣಿನಿಂದ ಕಾಯಿ ಬಡಿದು, ಸದ್ದು ಕೇಳಿಯೇ ತೀರ್ಪು ಕೊಡುತ್ತಿದ್ದ. 'ಟಣ್' ಅಂದರೆ ಎಳಸು, 'ಡಬ್' ಅಂದರೆ ಬಲಿತದ್ದು. ತೊಟ್ಟಿನ ಪಕ್ಕದ ಎಲೆ ಹಳದಿಯಾಯಿತೇ ಎಂದು ನೋಡುವವರನ್ನು ಕಂಡರೆ ಅವನಿಗೆ ನಗು. "ಕಿವಿ ಇಲ್ಲದೋರ ಪಾಡು ಅದು!"

ನಗುವವರ ಮಾತನ್ನೂ ದೇವರು ಕೇಳಿಸಿಕೊಳ್ಳುತ್ತಾನೆ. ಈ ವರ್ಷ ಕಿವಿರಾಯನ ಎರಡು ಕಿವಿಯೂ ಮಂದವಾದವು. ಗಟ್ಟಿಯಾಗಿ ಆಡಿದ ಮಾತು ಕೇಳುತ್ತಿತ್ತು, ಕಾಯಿಯ ಸದ್ದು ಮಾತ್ರ ಇಲ್ಲ. ಯಾರಿಗೂ ಹೇಳದೆ, ಬಡಿದಂತೆ ಮಾಡಿ, ಓರೆಗಣ್ಣಲ್ಲಿ ಎಲೆ ನೋಡತೊಡಗಿದ.

ಕೆಳಗೆ ಹಗ್ಗ ಹಿಡಿದ ಹೆಂಡತಿಗೆ ಮೊದಲ ದಿನವೇ ತಿಳಿಯಿತು. "ಏನ್ರೀ, ಇವತ್ತು ಕಣ್ಣು ಬಿಟ್ಕೊಂಡು ಕೇಳಿಸ್ಕೋತೀರಾ?"

"ನೀನು ಹಗ್ಗ ನೋಡ್ಕೋ!"

ಎಲೆ ನೋಡಿ ಅಭ್ಯಾಸವಿಲ್ಲವಲ್ಲ. ಹುಳ ತಿಂದು ಹಳದಿಯಾದ ಎಲೆ ನಂಬಿ, ನಿವೃತ್ತ ನರ್ಸಮ್ಮನ ತೋಟದಲ್ಲಿ ಎರಡು ಎಳಸು ಇಳಿಸಿಬಿಟ್ಟ. "ಇನ್ನೊಂದ್ಸಲ ತಪ್ಪಿದ್ರೆ ಆರು ಮರಾನೂ ಬೇರೆಯವರಿಗೆ," ಎಂದರು ನರ್ಸಮ್ಮ. ಅವನ ಅರ್ಧ ದುಡಿಮೆ ಆ ಆರು ಮರಗಳದ್ದೇ.

ಮುಂದಿನ ವಾರ ಗಂಡಹೆಂಡಿರು ನರ್ಸಮ್ಮನ ಮನೆಗೆ ಹೋದಾಗ ಜಗುಲಿಯ ಮೇಲೆ ಎರಡು ಹಲಸು, ಬುಡಕ್ಕೇ ಕತ್ತರಿಸಿದ ತೊಟ್ಟು.

"ಮಧ್ಯಾಹ್ನ ಬೀಗರು ಬರ್ತಾರಪ್ಪ. ಯಾವ್ದು ಹಣ್ಣಾಗಿದೆ, ಬಡಿದು ಹೇಳು."

ನೋಡೋಣವೆಂದರೆ ಎಲೆಯಿಲ್ಲ. ಬಡಿದ. ಮತ್ತೆ ಬಡಿದ.

"ಬಾಗಿಲು ತಟ್ತಿದ್ದೀಯಾ? ಒಳಗಿಂದ ಯಾರೂ ಬರಲ್ಲ."

ಯಾವುದೋ ಒಂದನ್ನು ತೋರಿಸಿ ಪಾರಾಗಬಹುದಿತ್ತು. ತೋರಿಸಲು ಎತ್ತಿದ ಬೆರಳನ್ನು ಕಿವಿರಾಯ ಮಡಚಿಕೊಂಡ. "ಅಕ್ಕಾ, ನನ್ನ ಕಿವಿ ರಜಾ ಹಾಕಿವೆ. ಮನೇಲಿ ಹಣ್ಣು ಮೂಸಿ ಹೇಳೋ ಇವಳ ಮೂಗು ಇನ್ನೂ ಕೆಲಸದಲ್ಲಿದೆ. ಇವಳನ್ನೇ ಕೇಳಿ."

ಮದುವೆಯಾದಾಗಿನಿಂದ ಗಂಟೆ ಎಷ್ಟು ಎಂದೂ ಅವಳನ್ನು ಕೇಳಿದವನಲ್ಲ. ಅವಳು ಗಳಿಗೆ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಮಂಡಿಯೂರಿ, ಎರಡನ್ನೂ ಮೂಸಿ, ಮುಳ್ಳಿನ ನಡುವೆ ಹೆಬ್ಬೆರಳು ಒತ್ತಿದಳು.

"ಇದು ಇವತ್ತು. ಅದು ಭಾನುವಾರ."

ನರ್ಸಮ್ಮ ಕತ್ತಿಗೆ ಎಣ್ಣೆ ಸವರಿ ಸೀಳಿದರು. ಒಳಗೆ ಜೇನಿನ ಬಣ್ಣದ ತೊಳೆ. ಒಂದನ್ನು ಬಾಯಿಗಿಟ್ಟವರು ಆಗಲೇ ಇನ್ನೊಂದಕ್ಕೆ ಕೈ ಹಾಕಿದರು.

"ಮರ ನಿಮಗೇ ಇರಲಿ. ತೀರ್ಪು ಮಾತ್ರ ಇವಳದ್ದು."

"ಹತ್ತೋದಾದ್ರೂ ನಾನೇ ತಾನೇ?" ಎಂದ ಕಿವಿರಾಯ, ಸಣ್ಣ ಮುಖ ಮಾಡಿ.

"ಹತ್ತೋದೂ ನೀವೇ," ಎಂದಳು ಹೆಂಡತಿ, ಅವನ ಕೈಗೊಂದು ತೊಳೆ ಇಡುತ್ತಾ. "ನಾನು ಬೇಡ ಅಂದ್ರೆ ಬರಿಗೈಲಿ ಇಳಿಯೋದೂ ನೀವೇ."